ಶ್ವೇತಭವನದ ತಾರಸಿಯ ಮೇಲೆ ಬಿಸಿನೀರು

1991ರಲ್ಲಿ ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಿಂದ ಒಂದು ಹಳೆಯ ಶಾಲಾ ಬಸ್ಸು ದಕ್ಷಿಣದ ಕಡೆಗೆ ಹೊರಟಿತು. ಸಾಮಾನು ತುಂಬಲು ಅನುಕೂಲವಾಗಲೆಂದು ಅದರ ಸೀಟುಗಳನ್ನೆಲ್ಲ ಕಿತ್ತು ಹಾಕಿದ್ದರು. ಬಸ್ಸು ಯೂನಿಟಿ ಕಾಲೇಜು ಎಂಬ ಪುಟ್ಟ ಸಂಸ್ಥೆಗೆ ಸೇರಿದ್ದು. ಅದು ಹೋಗಬೇಕಾಗಿದ್ದದ್ದು ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿದ್ದ ಒಂದು ಸರ್ಕಾರಿ ಗೋದಾಮಿಗೆ. ಅಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ 32 ಸೌರ ಫಲಕಗಳ ಚಿತ್ರ ಕಾಲೇಜಿನ ಅಧಿಕಾರಿಯೊಬ್ಬರ ಕಣ್ಣಿಗೆ ಬಿದ್ದಿತ್ತು. ಅವರು ಪತ್ರ ಬರೆದರು, ಸರ್ಕಾರ 500 ಡಾಲರ್ ಶುಲ್ಕ ಪಡೆದು ಅಷ್ಟನ್ನೂ ಕೊಡಲು ಒಪ್ಪಿತು. ಮರುವರ್ಷ ಅವುಗಳಲ್ಲಿ 16 ಫಲಕಗಳು ಕಾಲೇಜಿನ ಕ್ಯಾಂಟೀನಿನ ತಾರಸಿ ಏರಿದವು. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳ ತಟ್ಟೆ ಲೋಟ ತೊಳೆಯಲು ನೀರು ಕಾಯಿಸಿಕೊಟ್ಟವು.

ಆ ಫಲಕಗಳು ಅದಕ್ಕೂ ಮುಂಚೆ ಇದ್ದದ್ದು ಶ್ವೇತಭವನದ ಮೇಲೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರಲ್ಲಿ ಕೂರಿಸಿದ್ದನ್ನು 1986ರಲ್ಲಿ, ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ, ಇಳಿಸಲಾಗಿತ್ತು. ಈ ಕಥೆಯನ್ನು ಸಾಮಾನ್ಯವಾಗಿ ಇಬ್ಬರು ಅಧ್ಯಕ್ಷರ ಜಗಳದಂತೆ ಹೇಳುತ್ತಾರೆ: ಒಬ್ಬ ದೂರದೃಷ್ಟಿಯವನು, ಇನ್ನೊಬ್ಬ ತೈಲದ ಪಕ್ಷಪಾತಿ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಹಾಗೆ ಹೇಳಿದರೆ ಇನ್ನೊಂದು ಪ್ರಶ್ನೆ ಮರೆಯಾಗುತ್ತದೆ. ಸರ್ಕಾರಿ ಕಟ್ಟಡವೊಂದರ ಮೇಲೆ ಕೂರಿಸಿದ, ಕೆಲಸ ಮಾಡಬಲ್ಲ ಯಂತ್ರವೊಂದನ್ನು ಅಷ್ಟು ಸುಲಭವಾಗಿ ಇಳಿಸಿ ಗೋದಾಮಿಗೆ ಕಳಿಸಲು ಸಾಧ್ಯವಾದದ್ದಾದರೂ ಹೇಗೆ? ಇಂದು ಭಾರತದ ಸರ್ಕಾರಿ ಕಚೇರಿ, ಆಸ್ಪತ್ರೆ, ರೈಲು ನಿಲ್ದಾಣಗಳ ತಾರಸಿಯ ಮೇಲೆ ಫಲಕಗಳು ಸಾಲುಗಟ್ಟುತ್ತಿರುವಾಗ ಈ ಪ್ರಶ್ನೆ ಹಳೆಯದಾಗಿ ಉಳಿದಿಲ್ಲ.

1979ರ ಜೂನ್ 20

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ‘ಸೋಲಾರ್ ಪ್ಯಾನೆಲ್’ ಎಂದರೆ ಇಂದು ಎಲ್ಲರ ಕಣ್ಣೆದುರು ಬರುವುದು ವಿದ್ಯುತ್ ಉತ್ಪಾದಿಸುವ ನೀಲಿ ಹಲಗೆ. ಬೆಂಗಳೂರಿನ ಮನೆಮಾತಿನಲ್ಲಿ ಹಾಗಲ್ಲ. ಅಲ್ಲಿ ‘ಸೋಲಾರ್ ಹಾಕಿಸಿದ್ದೀವಿ’ ಎಂದರೆ ಬಹಳ ಕಾಲ ಬಚ್ಚಲಿಗೆ ಬಿಸಿನೀರು ಬರುತ್ತದೆ ಎಂದೇ ಅರ್ಥವಿತ್ತು. ಕಾರ್ಟರ್ ಹಾಕಿಸಿದ್ದು ಈ ಬೆಂಗಳೂರು ಅರ್ಥದ ಸೋಲಾರ್. ಗಾಜಿನ ಹೊದಿಕೆ, ಅದರಡಿ ಕಪ್ಪು ಲೋಹದ ತಗಡು, ತಗಡಿಗೆ ಅಂಟಿಕೊಂಡ ಕೊಳವೆಗಳು. ಬಿಸಿಲಿಗೆ ತಗಡು ಕಾಯುತ್ತದೆ, ಕೊಳವೆಯಲ್ಲಿ ಹರಿಯುವ ದ್ರವ ಆ ಶಾಖವನ್ನು ಹೊತ್ತು ತೊಟ್ಟಿಗೆ ಒಯ್ಯುತ್ತದೆ. ಅಂಥ 32 ಫಲಕಗಳು ಶ್ವೇತಭವನದ ಪಶ್ಚಿಮ ಭಾಗದ ತಾರಸಿಯ ಮೇಲೆ ನಿಂತವು. ನೌಕರರ ಊಟದ ಮನೆಗೆ ಅವುಗಳಿಂದ ಬಿಸಿನೀರು ಹೋಗುತ್ತಿತ್ತು. ಖರ್ಚು 28 ಸಾವಿರ ಡಾಲರ್ ಆಸುಪಾಸು.

ಕಾಲ ಕೆಟ್ಟದ್ದಾಗಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸರತಿ ಸಾಲು ನಿಲ್ಲಿಸಿದ್ದವು. 1979ರಲ್ಲಿ ಇರಾನಿನ ಕ್ರಾಂತಿಯ ಬೆನ್ನಿಗೆ ಎರಡನೆಯ ಆಘಾತ ಬಂತು. ಜೂನ್ 20ರಂದು ಕಾರ್ಟರ್ ಪತ್ರಕರ್ತರನ್ನು ತಾರಸಿಗೆ ಕರೆಸಿಕೊಂಡು ಫಲಕಗಳನ್ನು ಉದ್ಘಾಟಿಸಿದರು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದೇಶದ ಇಂಧನದಲ್ಲಿ ಶೇ. 20ರಷ್ಟು ಸೂರ್ಯ ಮತ್ತಿತರ ನವೀಕರಿಸಬಹುದಾದ ಮೂಲಗಳಿಂದ ಬರಬೇಕು ಎಂಬ ಗುರಿಯನ್ನೂ ಅದೇ ದಿನ ಪ್ರಕಟಿಸಿದರು.

ಅಂದಿನ ಭಾಷಣದಲ್ಲಿ ಅವರು ಹೇಳಿದ ಒಂದು ಮಾತು ಆಮೇಲೆ ಅವರ ಬೆನ್ನು ಬಿಡಲಿಲ್ಲ. ಒಂದು ತಲೆಮಾರು ಕಳೆದ ಮೇಲೆ ಈ ಹೀಟರ್ ಜನ ಬೆರಗಿನಿಂದ ನೋಡುವ ವಿಚಿತ್ರ ವಸ್ತುವಾಗಿರಬಹುದು, ವಸ್ತುಸಂಗ್ರಹಾಲಯದ ಸಾಮಾನಾಗಿರಬಹುದು, ಹಿಡಿಯದೇ ಬಿಟ್ಟ ದಾರಿಯ ಉದಾಹರಣೆಯಾಗಿರಬಹುದು, ಅಥವಾ ಅಮೆರಿಕನ್ನರು ಕೈಗೊಂಡ ದೊಡ್ಡ ಸಾಹಸವೊಂದರ ಸಣ್ಣ ಭಾಗವಾಗಿರಬಹುದು ಎಂಬುದು ಅದರ ಸಾರಾಂಶ. ಉದ್ಘಾಟನೆಯ ದಿನವೇ ತನ್ನ ಯೋಜನೆಯ ಸೋಲಿನ ರೂಪಗಳನ್ನು ಇಷ್ಟು ನಿಖರವಾಗಿ ಪಟ್ಟಿ ಮಾಡಿದ ರಾಜಕಾರಣಿ ಅಪರೂಪ.

ಸದ್ದಿಲ್ಲದ ಪ್ರಯೋಗಗಳು

ತಾರಸಿಯ ಚಿತ್ರ ಪತ್ರಿಕೆಗಳಲ್ಲಿ ಬರುವುದಕ್ಕೆ ಮೊದಲೇ ಅಮೆರಿಕದ ಸರ್ಕಾರಿ ಕಟ್ಟಡಗಳಲ್ಲಿ ಬೇರೊಂದು ಕೆಲಸ ಶುರುವಾಗಿತ್ತು. ಒಕ್ಕೂಟ ಸರ್ಕಾರದ ಕಚೇರಿಗಳಲ್ಲಿ ಇಂಧನ ಉಳಿಸುವ ಕಾರ್ಯಕ್ರಮ 1973ರಲ್ಲೇ ಆರಂಭವಾಗಿತ್ತು. 1976ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ ನಾರಿಸ್ ಕಾಟನ್ ಫೆಡರಲ್ ಕಟ್ಟಡ ಎಂಬ ಏಳಂತಸ್ತಿನ ಕಚೇರಿ ತೆರೆಯಿತು. ನೋಡಲು ಚೆಂದವೇನಲ್ಲ. ಹೆಚ್ಚುಕಡಿಮೆ ಒಂದು ದಾಳದಂತಿದ್ದ ಅದರ ಕಿಟಕಿಗಳು ಚಿಕ್ಕವು, ಚಳಿಗಾಳಿ ಬೀಸುವ ಉತ್ತರದ ಗೋಡೆಗೆ ಕಿಟಕಿಯೇ ಇಲ್ಲ. ತಾರಸಿಯ ಮೇಲೆ ಸೌರ ಫಲಕಗಳಿದ್ದವು, ಆದರೆ ಅವು ಇಡೀ ಲೆಕ್ಕಾಚಾರದ ಒಂದು ಭಾಗ ಮಾತ್ರ. ಬೇರೆ ಬೇರೆ ಅಂತಸ್ತಿಗೆ ಬೇರೆ ಬೇರೆ ಬಗೆಯ ದೀಪ ಮತ್ತು ಹವಾನಿಯಂತ್ರಣ ಅಳವಡಿಸಿ, ಯಾವುದು ಎಷ್ಟು ಇಂಧನ ತಿನ್ನುತ್ತದೆ ಎಂದು ರಾಷ್ಟ್ರೀಯ ಮಾನಕ ಸಂಸ್ಥೆಯ ತಜ್ಞರು ಅಳೆದರು.

ಆ ಕಟ್ಟಡ ಒಂದು ಕ್ರಮವನ್ನು ಪಾಲಿಸಿತ್ತು: ಮೊದಲು ಬೇಡಿಕೆ ಕಡಿಮೆ ಮಾಡು, ಆಮೇಲೆ ಉತ್ಪಾದನೆಯ ಮಾತು. ಸೋರುವ ಕಟ್ಟಡದ ಮೇಲೆ ಸೌರ ಫಲಕ ಕೂರಿಸುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಸರ್ಕಾರಿ ಕಟ್ಟಡಗಳ ಇಂಧನ ಯೋಜನೆಯಲ್ಲಿ ಇಂದಿಗೂ ಮೊದಲ ಪಾಠ ಇದೇ. ಆದರೆ ಕಿಟಕಿ ಸಣ್ಣದು ಮಾಡಿದ್ದನ್ನು ಉದ್ಘಾಟಿಸಲು ಯಾವ ನಾಯಕನೂ ಬರುವುದಿಲ್ಲ.

1978ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಇಂಧನ ಸಂರಕ್ಷಣಾ ನೀತಿ ಕಾಯ್ದೆಯನ್ನು ಅಂಗೀಕರಿಸಿತು. ಸರ್ಕಾರಿ ಕಟ್ಟಡಗಳನ್ನು ಸೌರಶಾಖದಿಂದ ಕಾಯಿಸುವ, ತಂಪಾಗಿಸುವ ಪ್ರಾತ್ಯಕ್ಷಿಕೆಗೆ 10 ಕೋಟಿ ಡಾಲರ್ ವರೆಗೂ, ಸರ್ಕಾರಿ ನೆಲೆಗಳಲ್ಲಿ ಸೌರ ವಿದ್ಯುತ್ ಕೋಶ ಬಳಸಲು 9.8 ಕೋಟಿ ಡಾಲರ್ ವರೆಗೂ ಅದು ಅನುಮತಿ ಕೊಟ್ಟಿತು. ಎರಡನೆಯದರ ಹಿಂದಿನ ತರ್ಕ ಸರಳವಾಗಿತ್ತು. ಅಂದಿನ ಸೌರಕೋಶ ಸಾಮಾನ್ಯ ಗ್ರಾಹಕನ ಕೈಗೆಟುಕುವಂತಿರಲಿಲ್ಲ. ದೇಶದ ಅತಿ ದೊಡ್ಡ ಗ್ರಾಹಕ ಸರ್ಕಾರ. ಅದು ಸಗಟಿನಲ್ಲಿ ಕೊಂಡರೆ ಕಾರ್ಖಾನೆಗಳು ಬೆಳೆಯುತ್ತವೆ, ಕಾರ್ಖಾನೆ ಬೆಳೆದರೆ ಬೆಲೆ ಇಳಿಯುತ್ತದೆ. ಹಲವು ದಶಕಗಳ ನಂತರ ಚೀನಾ ಮತ್ತು ಜರ್ಮನಿ ಬೇರೆ ಬೇರೆ ದಾರಿಯಲ್ಲಿ ಸಾಧಿಸಿ ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ.

ಇಳಿಸಿದ್ದು ಹೇಗೆ

1980ರ ಚುನಾವಣೆಯಲ್ಲಿ ಕಾರ್ಟರ್ ಸೋತರು. ಮರುವರ್ಷವೇ ಕೊಲರಾಡೋದಲ್ಲಿದ್ದ ಸೌರಶಕ್ತಿ ಸಂಶೋಧನಾ ಸಂಸ್ಥೆಯ ಬಜೆಟ್ಟಿಗೆ ದೊಡ್ಡ ಕತ್ತರಿ ಬಿತ್ತು, ಅದರ ನಿರ್ದೇಶಕ ಡೆನಿಸ್ ಹೇಯ್ಸ್ ಹೊರಬಿದ್ದರು. ಮನೆಗೆ ಸೌರ ಹೀಟರ್ ಹಾಕಿಸುವವರಿಗಿದ್ದ ತೆರಿಗೆ ರಿಯಾಯಿತಿ 1985ರ ಕೊನೆಗೆ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. 1986ರಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಸೌರ ಹೀಟರ್ ಉದ್ಯಮ ನೆಲ ಕಚ್ಚಿತು.

ಗಮನಿಸಬೇಕಾದ ಸಂಗತಿಯೆಂದರೆ ಶ್ವೇತಭವನದ ಫಲಕಗಳು ರೇಗನ್ ಅಧಿಕಾರಕ್ಕೆ ಬಂದ ತಕ್ಷಣ ಇಳಿಯಲಿಲ್ಲ. ಇನ್ನೂ ಐದು ವರ್ಷ ಅಲ್ಲೇ ಇದ್ದವು. 1986ರಲ್ಲಿ ಫಲಕಗಳ ಕೆಳಗಿನ ಚಾವಣಿಯ ದುರಸ್ತಿ ಬಂತು. ದುರಸ್ತಿಗಾಗಿ ಅವನ್ನು ಇಳಿಸಿದರು. ಕೆಲಸ ಮುಗಿದ ಮೇಲೆ, ಮತ್ತೆ ಕೂರಿಸುವ ಖರ್ಚು ಗಿಟ್ಟುವುದಿಲ್ಲ ಎಂದು ಹೇಳಿ ಕೈಬಿಟ್ಟರು. ಅಲ್ಲಿಗೆ ಮುಗಿಯಿತು. ವಿರೋಧ ಕಟ್ಟಿಕೊಂಡು ಕಿತ್ತುಹಾಕುವ ಅಗತ್ಯ ಯಾರಿಗೂ ಬೀಳಲಿಲ್ಲ, ಮರಳಿ ಇಡದೇ ಇದ್ದರೆ ಸಾಕಾಗಿತ್ತು.

ಸರ್ಕಾರಿ ಕಟ್ಟಡಗಳ ನಿರ್ವಹಣೆ ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಚಾವಣಿಯ ಆಯಸ್ಸು ಬೇರೆ, ಅದರ ಮೇಲಿನ ಯಂತ್ರದ ಆಯಸ್ಸು ಬೇರೆ. ಚಾವಣಿ ಮೊದಲು ಸೋತರೆ, ಗಟ್ಟಿಮುಟ್ಟಾಗಿರುವ ಯಂತ್ರವನ್ನೂ ಇಳಿಸಬೇಕಾಗುತ್ತದೆ. ಮರಳಿ ಕೂರಿಸುವ ಖರ್ಚು ಯಾವ ಬಾಬ್ತಿನದು, ಯಾರ ಹೊಣೆ ಎಂದು ಮೊದಲೇ ಬರೆದಿಡದಿದ್ದರೆ ಆ ಖರ್ಚು ಯಾರದ್ದೂ ಅಲ್ಲ. ಇಂದು ಸೌರ ಯೋಜನೆ ರೂಪಿಸುವವರು ಮೊದಲು ಕೇಳುವುದು ಬಿಸಿಲಿನ ಲೆಕ್ಕವನ್ನಷ್ಟೇ ಅಲ್ಲ, ಚಾವಣಿಗೆ ಎಷ್ಟು ವಯಸ್ಸಾಗಿದೆ ಎಂಬುದನ್ನು ಕೂಡ. ಕೆಲವೇ ವರ್ಷಗಳಲ್ಲಿ ದುರಸ್ತಿ ಬರುವಂತಿದ್ದರೆ ಮೊದಲು ಚಾವಣಿ, ಆಮೇಲೆ ಫಲಕ.

ಅದೇ ವರ್ಷ, ಇನ್ನೊಂದು ಕಡೆ

1986ರಲ್ಲೇ ನಡೆದ ಇನ್ನೊಂದು ಘಟನೆಗೆ ಯಾವ ಛಾಯಾಚಿತ್ರವೂ ಪ್ರಸಿದ್ಧವಾಗಲಿಲ್ಲ. ಆ ಏಪ್ರಿಲ್‌ನಲ್ಲಿ ರೇಗನ್ ಸಹಿ ಹಾಕಿದ ಬೃಹತ್ ಬಜೆಟ್ ಕಾಯ್ದೆಯೊಂದರ ಒಳಗೆ, ಸರ್ಕಾರಿ ಇಲಾಖೆಗಳು ಖಾಸಗಿ ಕಂಪನಿಗಳೊಡನೆ 25 ವರ್ಷದವರೆಗಿನ ಇಂಧನ ಉಳಿತಾಯ ಒಪ್ಪಂದ ಮಾಡಿಕೊಳ್ಳಬಹುದು ಎಂಬ ಅವಕಾಶ ಸೇರಿತ್ತು. ಕಂಪನಿ ತನ್ನ ಹಣದಿಂದ ಕಟ್ಟಡವನ್ನು ಸುಧಾರಿಸುತ್ತದೆ, ಇಲಾಖೆ ಕರೆಂಟು ಬಿಲ್ಲಿನಲ್ಲಿ ಉಳಿದ ಹಣದಿಂದ ಕಂತು ತೀರಿಸುತ್ತದೆ. ಉಳಿತಾಯ ಆಗದಿದ್ದರೆ ಕಂಪನಿಗೆ ಹಣ ಹುಟ್ಟುವುದಿಲ್ಲ, ಹಾಗಾಗಿ ಅಳೆಯುವುದು ಅನಿವಾರ್ಯ.

ತಾರಸಿಯಿಂದ ಫಲಕ ಇಳಿದ ವರ್ಷವೇ, ಅದನ್ನು ಇಳಿಸಿದ ಆಡಳಿತವೇ ಇಂಥದೊಂದು ಬಾಗಿಲು ತೆರೆದದ್ದು ವಿಚಿತ್ರವೆನಿಸಬಹುದು. ಆದರೆ ಮುಂದಿನ ದಶಕಗಳಲ್ಲಿ ಅಮೆರಿಕದ ಸರ್ಕಾರಿ ಕಟ್ಟಡಗಳ ಇಂಧನ ಬಳಕೆ ಬದಲಾದದ್ದು ಬಹುಮಟ್ಟಿಗೆ ಈ ಬಾಗಿಲಿನಿಂದ. ಕಾರ್ಟರ್ ಫಲಕಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ತಂತ್ರಜ್ಞಾನದ್ದಲ್ಲ. ಫಲಕ ಒಬ್ಬ ಅಧ್ಯಕ್ಷನ ಇಚ್ಛೆಯ ಮೇಲೆ ನಿಂತಿತ್ತು. ಒಪ್ಪಂದದ ಮೇಲೆ ನಿಂತದ್ದನ್ನು ಇಳಿಸಬೇಕಾದರೆ ಒಪ್ಪಂದ ಮುರಿಯಬೇಕು, ದಂಡ ತೆರಬೇಕು, ಯಾರೋ ಲೆಕ್ಕ ಕೇಳುತ್ತಾರೆ.

2005ರ ಇಂಧನ ನೀತಿ ಕಾಯ್ದೆ ಗುರಿಗಳನ್ನು ಅಂಕಿಯಲ್ಲಿ ಬರೆಯಿತು. ಒಕ್ಕೂಟ ಸರ್ಕಾರ ಬಳಸುವ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲದ ಪಾಲು 2007ರಿಂದ ಶೇ. 3, 2010ರಿಂದ ಶೇ. 5, 2013ರಿಂದ ಶೇ. 7.5 ಇರಬೇಕು. ಎಲ್ಲಿಂದಲೋ ಕೊಂಡ ವಿದ್ಯುತ್ತೂ ಲೆಕ್ಕಕ್ಕೆ ಸೇರುತ್ತಿತ್ತು, ಆದರೆ ಸರ್ಕಾರಿ ನೆಲೆಯಲ್ಲೇ ಉತ್ಪಾದಿಸಿ ಅಲ್ಲೇ ಬಳಸಿದ ವಿದ್ಯುತ್ತಿಗೆ ಎರಡು ಪಟ್ಟು ಅಂಕ. ಸಹಿ ಹಾಕಿದವರು ಟೆಕ್ಸಸ್ಸಿನ ತೈಲ ಉದ್ಯಮದಿಂದ ಬಂದ ಜಾರ್ಜ್ ಡಬ್ಲ್ಯು. ಬುಷ್. ಅವರ ಕಾಲದಲ್ಲೇ, 2002ರಲ್ಲಿ, ರಾಷ್ಟ್ರೀಯ ಉದ್ಯಾನ ಸೇವೆಯವರು ಶ್ವೇತಭವನದ ಆವರಣದ ನಿರ್ವಹಣಾ ಕಟ್ಟಡವೊಂದರ ಮೇಲೆ ಸುಮಾರು 9 ಕಿಲೋವಾಟ್ ಸೌರ ವಿದ್ಯುತ್ ಘಟಕವನ್ನೂ ನೀರು ಕಾಯಿಸುವ ಫಲಕಗಳನ್ನೂ ಸದ್ದಿಲ್ಲದೆ ಕೂರಿಸಿದರು. ಭಾಷಣ ಇರಲಿಲ್ಲ. ಹಾಗಾಗಿ ‘ಬರಾಕ್ ಒಬಾಮಾ ಸೌರಶಕ್ತಿಯನ್ನು ಶ್ವೇತಭವನಕ್ಕೆ ಮರಳಿ ತಂದರು’ ಎಂದು ಇಂದಿಗೂ ಹೇಳಲಾಗುತ್ತದೆ.

ಒಬಾಮಾ ಆಡಳಿತದ ಫಲಕಗಳ ಕಥೆ ಸಾಂಕೇತಿಕತೆಯ ಕಷ್ಟವನ್ನು ಇನ್ನೊಮ್ಮೆ ತೋರಿಸಿತು. 2010ರ ಸೆಪ್ಟೆಂಬರ್‌ನಲ್ಲಿ ಲೇಖಕ ಬಿಲ್ ಮೆಕಿಬ್ಬನ್ ಯೂನಿಟಿ ಕಾಲೇಜಿನ ವಿದ್ಯಾರ್ಥಿಗಳೊಡನೆ ಹಳೆಯ ಕಾರ್ಟರ್ ಫಲಕವೊಂದನ್ನು ವಾಷಿಂಗ್ಟನ್ನಿಗೆ ಹೊತ್ತುಕೊಂಡು ಹೋದರು. ಅಧಿಕಾರಿಗಳು ಮಾತಾಡಿಸಿದರು, ಫಲಕ ತೆಗೆದುಕೊಳ್ಳಲಿಲ್ಲ. ಮರು ತಿಂಗಳೇ, 2011ರ ವಸಂತ ಮುಗಿಯುವುದರೊಳಗೆ ಹೊಸ ಫಲಕ ಹಾಕುತ್ತೇವೆ ಎಂಬ ಪ್ರಕಟಣೆ ಹೊರಬಿತ್ತು. ಕೆಲಸ ನಿಜಕ್ಕೂ ಶುರುವಾದದ್ದು 2013ರ ಆಗಸ್ಟ್‌ನಲ್ಲಿ, ಅದೂ 6.3 ಕಿಲೋವಾಟಿನ ಘಟಕ.

ಅಷ್ಟರಲ್ಲಿ ನೆವಾಡಾದ ಮರುಭೂಮಿಯಲ್ಲಿ ನೆಲ್ಲಿಸ್ ವಾಯುನೆಲೆ 14 ಮೆಗಾವಾಟ್ ಘಟಕವನ್ನು 2007ರ ಡಿಸೆಂಬರ್‌ನಿಂದಲೇ ಓಡಿಸುತ್ತಿತ್ತು. 70 ಸಾವಿರಕ್ಕೂ ಹೆಚ್ಚು ಫಲಕಗಳು, ಸುಮಾರು 140 ಎಕರೆ ಜಾಗ, ಅದರಲ್ಲಿ ಒಂದಷ್ಟು ಮುಚ್ಚಿದ ಕಸದ ಗುಂಡಿಯ ಮೇಲಿನದು. ವಾಯುಪಡೆ ಫಲಕಗಳನ್ನು ಕೊಳ್ಳಲೇ ಇಲ್ಲ. ಜಾಗ ಗುತ್ತಿಗೆಗೆ ಕೊಟ್ಟು, ಖಾಸಗಿ ಮಾಲೀಕರಿಂದ ಅಗ್ಗದ ವಿದ್ಯುತ್ ಕೊಂಡಿತು. ಇಂಥ ಘಟಕದ ಸಾಲ ತೀರಲು 20 ವರ್ಷವಾದರೂ ಬೇಕು. ರಕ್ಷಣಾ ಇಲಾಖೆಗೆ 30 ವರ್ಷದವರೆಗೆ ಇಂಧನ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕಾನೂನಿನಲ್ಲಿತ್ತು. ನಾಗರಿಕ ಇಲಾಖೆಗಳಿಗೆ ವಿದ್ಯುತ್ ಖರೀದಿಯ ಸಾಮಾನ್ಯ ಮಿತಿ 10 ವರ್ಷ. ಬಿಸಿಲು ಎರಡು ಇಲಾಖೆಗಳ ತಾರಸಿಯ ಮೇಲೂ ಒಂದೇ ಸಮನೆ ಬೀಳುತ್ತಿತ್ತು. ವ್ಯತ್ಯಾಸ ಇದ್ದದ್ದು ಒಪ್ಪಂದದ ಅವಧಿಯಲ್ಲಿ.

ಅಧ್ಯಕ್ಷರ ಆದೇಶಗಳಿಗಂತೂ ಇನ್ನೂ ಕಡಿಮೆ ಆಯಸ್ಸು. 2030ರೊಳಗೆ ಒಕ್ಕೂಟ ಸರ್ಕಾರದ ವಿದ್ಯುತ್ತೆಲ್ಲ ಇಂಗಾಲಮುಕ್ತವಾಗಬೇಕು ಎಂದು ಜೋ ಬೈಡನ್ 2021ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿದರು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಅದನ್ನು ರದ್ದು ಮಾಡಿದರು.

ಎರಡು ಕಿಲೋವಾಟ್

ಭಾರತದಲ್ಲಿ ಈ ಚರ್ಚೆಗೆ ಬೇರೆಯೇ ತೂಕವಿದೆ. ಇಲ್ಲಿನ ಬಹಳಷ್ಟು ಸರ್ಕಾರಿ ಕಟ್ಟಡಗಳ ಸಮಸ್ಯೆ ದುಬಾರಿ ಕರೆಂಟಿನದಲ್ಲ, ಕರೆಂಟೇ ಇಲ್ಲದ್ದು. ಛತ್ತೀಸಗಢದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂರನೆಯ ಒಂದರಷ್ಟಕ್ಕೆ ವಿದ್ಯುತ್ ಸಂಪರ್ಕ ಇರಲಿಲ್ಲ, ಇಲ್ಲವೇ ಇದ್ದರೂ ನೆಚ್ಚುವಂತಿರಲಿಲ್ಲ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಾ 2012ರಿಂದ 2016ರ ನಡುವೆ ಸುಮಾರು 570 ಕೇಂದ್ರಗಳಿಗೆ ತಲಾ 2 ಕಿಲೋವಾಟ್ ಸೌರ ಘಟಕ ಕೂರಿಸಿತು. ಜೊತೆಗೆ ಬ್ಯಾಟರಿ. ಎರಡು ಕಿಲೋವಾಟ್ ಎಂದರೆ ನಗರದ ಒಂದು ಮನೆಯ ಗೀಸರಿನಷ್ಟು. ಹೆರಿಗೆ ಕೋಣೆಯ ದೀಪ, ಫ್ಯಾನು, ಲಸಿಕೆಯ ಫ್ರಿಜ್ಜು, ನವಜಾತ ಶಿಶುವನ್ನು ಬೆಚ್ಚಗಿಡುವ ಯಂತ್ರ, ಇವನ್ನು ಜೋಪಾನವಾಗಿ ಓಡಿಸಿಕೊಳ್ಳಬಹುದು.

ದೆಹಲಿಯ ಸಂಶೋಧನಾ ಸಂಸ್ಥೆ ಸಿಇಇಡಬ್ಲ್ಯು ಅಲ್ಲಿನ 15 ಜಿಲ್ಲೆಗಳ 147 ಕೇಂದ್ರಗಳನ್ನು ಸಮೀಕ್ಷೆ ಮಾಡಿ 2017ರಲ್ಲಿ ವರದಿ ಪ್ರಕಟಿಸಿತು. ಸೌರ ಘಟಕವಿದ್ದ ಕೇಂದ್ರಗಳಲ್ಲಿ ತಿಂಗಳಿಗೆ ಆಗುತ್ತಿದ್ದ ಹೆರಿಗೆಗಳು ಇಲ್ಲದ ಕೇಂದ್ರಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಒಳರೋಗಿಗಳ ಸಂಖ್ಯೆ ಒಂದೂವರೆ ಪಟ್ಟಿಗೂ ಹೆಚ್ಚು. ಇಂಥ ಹೋಲಿಕೆಯಲ್ಲಿ ಬೇರೆ ಕಾರಣಗಳೂ ಕೂಡಿಕೊಂಡಿರಬಹುದು, ಒಳ್ಳೆಯ ಸಿಬ್ಬಂದಿ ಇದ್ದಲ್ಲೇ ಘಟಕ ಬೇಗ ಬಂದಿರಬಹುದು. ಆದರೂ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದ ಹೆಂಗಸನ್ನು ಕತ್ತಲೆಯ ಕಟ್ಟಡಕ್ಕೆ ಕರೆದೊಯ್ಯುವುದೋ ದೀಪ ಉರಿಯುವ ಕಟ್ಟಡಕ್ಕೋ ಎಂಬುದನ್ನು ಮನೆಯವರು ಹೇಗೆ ತೀರ್ಮಾನಿಸುತ್ತಾರೆಂದು ಊಹಿಸಲು ಸಮೀಕ್ಷೆ ಬೇಕಿಲ್ಲ.

ಕ್ರೆಡಾ ಹೆಸರಾಗಿರುವುದು ಫಲಕ ಕೂರಿಸಿದ್ದಕ್ಕಿಂತ ಹೆಚ್ಚಾಗಿ ನಿರ್ವಹಣೆಗೆ. ಹಲವು ಹಳ್ಳಿಗಳನ್ನು ಒಂದು ಗುಂಪಾಗಿ ಮಾಡಿ, ಆ ಗುಂಪಿಗೆ ತಂತ್ರಜ್ಞರನ್ನು ನೇಮಿಸಿ, ಅವರು ಕಾಲಕಾಲಕ್ಕೆ ಸುತ್ತು ಹಾಕುವ ಪದ್ಧತಿಯನ್ನು ಅದು ಬೆಳೆಸಿತು. ಆಯುಷ್ಯದಲ್ಲಿ ಫಲಕಕ್ಕಿಂತ ಬಹಳ ಚಿಕ್ಕದು ಬ್ಯಾಟರಿ. ಅದನ್ನು ಬದಲಿಸುವ ಹಣ ಬಜೆಟ್ಟಿನಲ್ಲಿ ಇರದಿದ್ದರೆ ಆರೋಗ್ಯ ಕೇಂದ್ರದ ತಾರಸಿಯೂ ಒಂದು ಗೋದಾಮೇ.

ದೇಶದ ಮಟ್ಟದಲ್ಲಿ ಈಗ ಎರಡು ದಾರಿಗಳಿವೆ. ಇಲಾಖೆಯೇ ದುಡ್ಡು ಹಾಕಿ ಘಟಕ ಕೊಳ್ಳುವುದು ಒಂದು. ಕಂಪನಿ ಘಟಕ ಕೂರಿಸಿ, ನೋಡಿಕೊಂಡು, ಸುಮಾರು 25 ವರ್ಷದ ಒಪ್ಪಂದದಡಿ ಇಲಾಖೆಗೆ ಯೂನಿಟ್ ಲೆಕ್ಕದಲ್ಲಿ ವಿದ್ಯುತ್ ಮಾರುವುದು ಇನ್ನೊಂದು. ಇದನ್ನು ರೆಸ್ಕೋ ಮಾದರಿ ಎನ್ನುತ್ತಾರೆ. ಮೊದಲನೆಯದರಲ್ಲಿ ಉಳಿತಾಯ ಪೂರ್ತಿ ಇಲಾಖೆಗೆ, ಕೆಟ್ಟರೆ ತಲೆನೋವೂ ಪೂರ್ತಿ ಅದಕ್ಕೆ. ಎರಡನೆಯದರಲ್ಲಿ ಫಲಕದ ಮೇಲೆ ಧೂಳು ಕೂತರೆ ನಷ್ಟ ಕಂಪನಿಗೆ, ಆದ್ದರಿಂದ ಒರೆಸಲು ಆಳು ಬರುತ್ತಾನೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆಗೆ ಒಪ್ಪಿಗೆ ಕೊಡುವಾಗ ಕೇಂದ್ರ ಸಂಪುಟ, 2025ರೊಳಗೆ ಕೇಂದ್ರ ಸರ್ಕಾರದ ಎಲ್ಲ ಕಟ್ಟಡಗಳ ತಾರಸಿಗೂ ಆದ್ಯತೆಯ ಮೇಲೆ ಸೌರ ಘಟಕ ಎಂಬ ಗುರಿ ಇಟ್ಟಿತು. ಕೂರಿಸಿದ ಲೆಕ್ಕ ಮೆಗಾವಾಟಿನಲ್ಲಿ ಸಿಗುತ್ತದೆ. ಈ ಎಲ್ಲ ತಾರಸಿಗಳ ನಿಜವಾದ ಪರೀಕ್ಷೆ ಮಾತ್ರ ಹತ್ತು ವರ್ಷ ಬಿಟ್ಟು, ಮೊದಲ ಚಾವಣಿ ದುರಸ್ತಿಯ ಟೆಂಡರ್ ಕರೆದ ದಿನ.

ಕಾರ್ಟರ್ ಆಸೆಪಟ್ಟ ಬಿಸಿನೀರು ಮಾತ್ರ ಇನ್ನೆಲ್ಲೋ ಹರಿಯಿತು. 2007ರಲ್ಲಿ ಕರ್ನಾಟಕ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ, ಅದನ್ನು ವಿದ್ಯುತ್ ಸಂಪರ್ಕದ ಅನುಮತಿಗೇ ಗಂಟು ಹಾಕಿತು. ಬೆಂಗಳೂರಿನಲ್ಲಿ ವಿಮಾನ ಇಳಿಯುವಾಗ ಕೆಳಗೆ ಮಿನುಗುವ ಗಾಜಿನ ಹೊದಿಕೆಗಳು ಯಾರ ಭಾಷಣದ ಫಲವೂ ಅಲ್ಲ. ಹೀಟರ್ ಇಲ್ಲದಿದ್ದರೆ ಮೀಟರ್ ಇಲ್ಲ ಎಂಬ ನಿಯಮ, ತಿಂಗಳ ಬಿಲ್ಲಿನಲ್ಲಿ ಕಾಣುವ ಉಳಿತಾಯ, ಕೊಳವೆ ಕಟ್ಟಿಕೊಂಡರೆ ಫೋನ್ ಮಾಡಿದ ಕೂಡಲೇ ಬರುವ ರಿಪೇರಿಯವನು, ಈ ಮೂರೂ ಸೇರಿ ಅವನ್ನು ಅಲ್ಲಿ ಉಳಿಸಿವೆ.

ಪ್ಲೇನ್ಸ್

ಕಾರ್ಟರ್ ತಾರಸಿಯ ಮೇಲೆ ನಿಂತು ಹೇಳಿದ ಸಾಧ್ಯತೆಗಳು ಒಂದೊಂದಾಗಿ ನಿಜವಾದವು. ಒಂದು ಫಲಕ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯಕ್ಕೆ ಹೋಯಿತು. ಇನ್ನೊಂದು ಅಟ್ಲಾಂಟಾದಲ್ಲಿ ಅವರದೇ ಹೆಸರಿನ ಗ್ರಂಥಾಲಯ ಸೇರಿತು. ಮತ್ತೊಂದು 2010ರಲ್ಲಿ ಚೀನಾದ ಡೆಝೌ ನಗರದ ಸೌರ ಸಂಗ್ರಹಾಲಯ ಮುಟ್ಟಿತು. ಕೋಟಿಗಟ್ಟಲೆ ಚೀನೀ ಮನೆಗಳಿಗೆ ಸೌರ ಹೀಟರ್ ತಲುಪಿಸಿದ ಉದ್ಯಮದ ಪ್ರಮುಖ ಕೇಂದ್ರಗಳಲ್ಲಿ ಒಂದು ಆ ಊರು. ಹಿಡಿಯದೇ ಬಿಟ್ಟ ದಾರಿ ಎಂಬ ಮಾತನ್ನೇ ಹೆಸರಾಗಿಸಿಕೊಂಡು ಇಬ್ಬರು ಸ್ವಿಸ್ ಕಲಾವಿದರು ಫಲಕಗಳ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದರು.

ನಾಲ್ಕನೆಯ ಸಾಧ್ಯತೆಗೆ ಕಾರ್ಟರ್ 2017ರವರೆಗೆ ಕಾಯಬೇಕಾಯಿತು. ಆ ವರ್ಷ ಜಾರ್ಜಿಯಾದ ತಮ್ಮ ಹುಟ್ಟೂರು ಪ್ಲೇನ್ಸ್‌ನಲ್ಲಿ, ಹಿಂದೆ ಬೆಳೆ ತೆಗೆಯುತ್ತಿದ್ದ 10 ಎಕರೆ ಜಮೀನನ್ನು ಅವರು ಸೌರ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟರು. 1.3 ಮೆಗಾವಾಟಿನ ಆ ಘಟಕ ಆ ಸಣ್ಣ ಊರಿಗೆ ಬೇಕಾದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಉತ್ಪಾದಿಸುತ್ತದೆ ಎಂಬುದು ಕಂಪನಿಯ ಅಂದಾಜು. ಉದ್ಘಾಟನೆಯ ಹೊತ್ತಿಗೆ ಅವರಿಗೆ 92 ವರ್ಷ. ಶ್ವೇತಭವನದ ತಾರಸಿಯ ಮೇಲೆ ಅವರ ಫಲಕಗಳು ಉಳಿದದ್ದು 7 ವರ್ಷ. ಪ್ಲೇನ್ಸ್‌ನ ವಿದ್ಯುತ್ ಮಾರಾಟಕ್ಕೆ ಆದ ಒಪ್ಪಂದ 25 ವರ್ಷದ್ದು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಕಾರ್ಟರ್ ಅದೇ ಊರಿನಲ್ಲಿ ತೀರಿಕೊಂಡಾಗ ಆ ಒಪ್ಪಂದದಲ್ಲಿ ಇನ್ನೂ ಹದಿನೇಳು ವರ್ಷ ಬಾಕಿ ಇತ್ತು.